ಬೆಳಗಿನ ಹಾಲಿನ ಜಿಡ್ಡು

ಓರ್ತುಲೆ, ಮಾರ್ಚ್ 4, 1962

ಅಪ್ಪಾ,

ನೀವು ಪ್ರತಿ ಕಾಗದದಲ್ಲೂ ಮೊದಲು ಕೇಳುವುದು ಅದನ್ನೇ. ಆದ್ದರಿಂದ ಮೊದಲು ಅದನ್ನೇ ಬರೆಯುತ್ತೇನೆ. ಜಿಡ್ಡು ನೂರಕ್ಕೆ ಆರೂ ಕಾಲು. ಬೆಳಗಿನ ಹಾಲು ಹದಿನಾಲ್ಕು ಲೀಟರು, ಸಂಜೆಯದು ಎಂಟು. ನಿಮ್ಮ ಕೇಸು ನುಂಗಿ ಉಳಿಸಿದ ಇಪ್ಪತ್ನಾಲ್ಕು ಕುರಿಗಳೂ ನೆಟ್ಟಗಿವೆ. ಮರಿಗಳಿಗೆ ಹಾಲು ಬಿಡಿಸಿದ ಮೇಲೆ ಮೂರು ದಿನ ಅರಚಿ ಅರಚಿ ಈಗ ಸುಮ್ಮನಾಗಿವೆ. ಇನ್ನು ಮಗಳ ಸಮಾಚಾರ ಕೇಳುವ ಮನಸ್ಸೇನಾದರೂ ಇದ್ದರೆ, ಅವಳೂ ನೆಟ್ಟಗಿದ್ದಾಳೆ.

ಡೇರಿಯ ಲಾರೆಂತು ಮಾವ ನಿಮ್ಮನ್ನು ದಿನಾ ನೆನೆಯುತ್ತಾರೆ. ನಿನ್ನೆ ಜಿಡ್ಡು ಅಳೆಯುವ ಗಾಜಿನ ನಳಿಗೆಯನ್ನು ಬೆಳಕಿಗೆ ಹಿಡಿದುಕೊಂಡು, "ನಿಮ್ಮಪ್ಪ ಜೈಲಲ್ಲಿ ಕೂತ್ಕೊಂಡೂ ನನ್ನ ಲೆಕ್ಕ ತಪಾಸಣೆ ಮಾಡ್ತಾನಲ್ಲೇ ಮಲ್ಲೇನಾ, ಹೊರಗಿದ್ದಾಗ್ಲೇ ವಾಸಿ ಇತ್ತು" ಎಂದರು.

ಬಿಲ್ಲಿಯಾ ಅತ್ತೆಯದು ಮಾತ್ರ ಒಂದೇ ಸಮನೆ ಜಗಳ. ಹೆಣ್ಣು ಹುಡುಗಿ ಗುಡ್ಡದ ಮೇಲಿನ ದೊಡ್ಡಿಯಲ್ಲಿ ಒಬ್ಬಳೇ ಮಲಗುವುದೆಂದರೇನು, ಕುರಿ ಮಾರಿ ಊರೊಳಗೆ ಬಂದು ತನ್ನ ಜೊತೆ ರೊಟ್ಟಿ ಸುಡು ಎನ್ನುತ್ತಾಳೆ. ನಾನು ಒಪ್ಪಿಲ್ಲ. ಆದರೆ ನಿಮಗೆ ಸುಳ್ಳು ಹೇಳುವುದಿಲ್ಲ, ಕಳೆದ ಗುರುವಾರ ಹೆದರಿದೆ. ಸೆದ್ದಾ ಮನೆಯ ಇಬ್ಬರು ಗಂಡುಮಕ್ಕಳು ಕುದುರೆ ಮೇಲೆ ಬಂದು ದೊಡ್ಡಿಯ ಗೋಡೆ ಪಕ್ಕ ನಿಂತರು. ಹಿರಿಯವನು ಕೇಳಿದ, "ನಮ್ಮ ನಲವತ್ತು ಕುರೀನ ನಿಮ್ಮಪ್ಪ ಒಬ್ಬನೇ ಹೊಡ್ಕೊಂಡು ಹೋದ್ನಾ? ನಾವು ಕಂಡಿದ್ದು ಇಬ್ಬರನ್ನ. ಎರಡನೆಯವನು ಯಾರು ಅಂತ ನೆನಪಾದ್ರೆ ಹೇಳಮ್ಮ, ನಮಗೇನೂ ಅವಸರ ಇಲ್ಲ." ನಾನು ಬಾಯಿ ಬಿಡಲಿಲ್ಲ. ಅವರು ಹೋದ ಮೇಲೆ ಗೇಟಿಗೆ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದೆ.

ತಾನಿಯೆಲೆ ಅಣ್ಣನಿಂದ ಇನ್ನೂ ಒಂದು ಸಾಲಿಲ್ಲ. ಬೆಲ್ಜಿಯಮ್ಮಿನ ಗಣಿಯಲ್ಲಿ ಪೆನ್ಸಿಲ್ಲೂ ಸಿಗುವುದಿಲ್ಲವೇ? ಅವನು ಹೋಗಿ ಎರಡು ವರ್ಷ ದಾಟಿತು. ಅಪ್ಪ ಜೈಲಿಗೆ ಹೋದ ಸುದ್ದಿಯಾದರೂ ಅವನಿಗೆ ಮುಟ್ಟಿದೆಯೋ ಇಲ್ಲವೋ.

ನಿಮ್ಮ ಮಗಳು, ಕುರಿಗಳ ನಂತರ ನೆನಪಾಗುವವಳು,
ಮಲ್ಲೇನಾ

*

ಜೈಲು, ಮಾರ್ಚ್ 13

ಮಲ್ಲೇನಾ,

ಆರೂ ಕಾಲು ಎಂದು ಓದಿ ಆ ದಿನವಿಡೀ ಹಗುರಾಗಿದ್ದೆ. ನಿನಗೆ ತಮಾಷೆ. ಆದರೆ ಈ ಕೋಣೆಯ ಕಿಟಕಿಯಿಂದ ಎದುರು ಗೋಡೆ ಬಿಟ್ಟು ಏನೂ ಕಾಣುವುದಿಲ್ಲ. ನನ್ನ ಮಂದೆ ನನಗೆ ಕಾಣುವುದು ಆ ಒಂದು ಅಂಕಿಯಲ್ಲಿ. ಹುಲ್ಲು ಎಷ್ಟು ಎತ್ತರ ಬಂದಿದೆ, ಚಳಿ ಬಿಟ್ಟಿತೋ ಇಲ್ಲವೋ, ಕುರಿಗಳ ಮೈ ಹೇಗಿದೆ, ಎಲ್ಲ ಅದರೊಳಗೇ ಇರುತ್ತದೆ. ನಿನ್ನ ಸಮಾಚಾರವೂ ಅದರಲ್ಲೇ ಇರುತ್ತದೆ. ನೀನು ಹುಷಾರಿಲ್ಲದೆ ಮಲಗಿದರೆ ಹಾಲು ಕರೆಯುವ ಹೊತ್ತು ತಪ್ಪುತ್ತದೆ, ಹೊತ್ತು ತಪ್ಪಿದರೆ ಜಿಡ್ಡು ತಪ್ಪುತ್ತದೆ.

ಇನ್ನು ಹೊಸ ಹುಲ್ಲು ಬರುತ್ತದೆ. ಹಾಲು ಏರುತ್ತದೆ, ಜಿಡ್ಡು ಆರಕ್ಕಿಂತ ಕೆಳಗೆ ಬರುತ್ತದೆ. ಲಾರೆಂತು ನೀರು ಹಾಕಿದ್ದೀಯೆಂದು ರೇಗಿಸಿದರೆ ಹೆದರಬೇಡ. ಹಾಲು ಹೆಚ್ಚಿದಷ್ಟೂ ತೆಳುವಾಗುವುದು ಕುರಿಯ ಧರ್ಮ.

ಸೆದ್ದಾ ಹುಡುಗರಿಗೆ ಬಾಯಿ ಕೊಡದೆ ಇದ್ದದ್ದು ಒಳ್ಳೆಯದಾಯಿತು. ಮುಂದೆಯೂ ಹಾಗೇ ಇರು. ನಮ್ಮ ಕಾಗದಗಳನ್ನು ಇಲ್ಲಿ ಮೊದಲು ಎಫಿಸ್ ಎಂಬ ಕಾವಲುಗಾರ ಓದುತ್ತಾನೆ. ಅವನೂ ಕುರಿ ಕಾಯುವ ಮನೆಯಲ್ಲೇ ಹುಟ್ಟಿದವನು. ಒಳ್ಳೆಯವನೇ, ಆದರೆ ಕಾವಲುಗಾರ. ಊರ ಚೌಕದಲ್ಲಿ ನಿಂತು ಹೇಳಲಾಗದ್ದನ್ನು ಕಾಗದದಲ್ಲೂ ಬರೆಯಬೇಡ.

ಗೋಡೆ ನೋಡುತ್ತ ಕೂತವನು,
ನಿನ್ನ ಅಪ್ಪ ಬಾಕಿಸ್

*

ಓರ್ತುಲೆ, ಏಪ್ರಿಲ್ 1

ಅಪ್ಪಾ,

ಅಣ್ಣನ ವಿಷಯ ಕೇಳಿದರೆ ನೀವು ಹುಲ್ಲಿನ ವಿಷಯ ಬರೆಯುತ್ತೀರಿ. ಇರಲಿ.

ಈ ಸಲ ನಿಮ್ಮ ಮಾತು ಸುಳ್ಳಾಯಿತು! ಜಿಡ್ಡು ಇಳಿಯಲಿಲ್ಲ, ಏರಿದೆ. ಎರಡೂ ಹೊತ್ತಿನದು ಸೇರಿಸಿ ಆರೂ ಮುಕ್ಕಾಲು. ಲಾರೆಂತು ಮಾವ ನಳಿಗೆಯನ್ನು ಎರಡು ಸಲ ತಿರುಗಿಸಿ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ನೋಡ್ರೋ, ಬಾಕಿಸ್ ಇಲ್ದೇ ಇದ್ರೆ ಮಂದೆ ಎಷ್ಟು ಸುಧಾರಿಸ್ತು ಅಂತ" ಎಂದು ಕೂಗಿದರು. ಸಾಲಿನಲ್ಲಿ ನಿಂತ ಗಂಡಸರೆಲ್ಲ ನಕ್ಕರು. ನನಗೂ ಹೆಮ್ಮೆ ಆಯಿತು. ಇಷ್ಟು ದಿನ ಅವರು ನನ್ನನ್ನು ನೋಡಿದರೆ ಸುಮ್ಮನಾಗಿಬಿಡುತ್ತಿದ್ದರು.

ಆದರೆ ಹಾಲು ಮಾತ್ರ ಕಮ್ಮಿಯಾಗಿದೆ. ಬೆಳಗಿನದು ಹದಿನಾಲ್ಕರಿಂದ ಹನ್ನೊಂದಕ್ಕೆ ಬಂತು. ಸಂಜೆಯದು ಹಾಗೇ ಇದೆ. ಎಲ್ಲ ಕಡೆ ಹುಲ್ಲು ಮೊಣಕಾಲುದ್ದ ಬಂದಿರುವಾಗ ಹೀಗೇಕೆ ಎಂದು ತಿಳಿಯದು.

ನಿಮ್ಮ ನಾಯಿ ಮುರ್ರುವಿಗೆ ವಯಸ್ಸಾಯಿತು ಎಂದು ಕಾಣುತ್ತದೆ. ರಾತ್ರಿ ಬೊಗಳುವುದನ್ನೇ ಬಿಟ್ಟಿದೆ. ಮೊನ್ನೆ ಬೆಳಗ್ಗೆ ನಾನು ಬಾಗಿಲು ತೆಗೆದಾಗ ಬಾಲ ಅಲ್ಲಾಡಿಸುತ್ತ ಬಂತು, ಮೂತಿಗೆಲ್ಲ ಹಾಲಿನ ನೊರೆ. ಹಿಂದಿನ ಸಂಜೆಯ ಬಕೆಟ್ಟು ನೆಕ್ಕಿರಬೇಕೆಂದು ಒಂದು ಏಟು ಕೊಟ್ಟೆ. ಆಮೇಲೆ ನೋಡಿದರೆ ಬಕೆಟ್ಟುಗಳೆಲ್ಲ ಒಳಗೇ ಇದ್ದವು. ತೊಳೆದು ನಾನೇ ಬೋರಲು ಹಾಕಿದ್ದೆ.

ಅದನ್ನೇ ಯೋಚಿಸುತ್ತಿದ್ದೇನೆ.

ಮಲ್ಲೇನಾ

*

ಜೈಲು, ಏಪ್ರಿಲ್ 8

ಮಲ್ಲೇನಾ,

ಲಾರೆಂತು ಕುಣಿಯಲಿ, ನೀನು ಕುಣಿಯಬೇಡ. ಈ ಕಾಗದ ಓದಿದ ಕೂಡಲೇ ನಾನು ಹೇಳಿದ್ದನ್ನು ಮಾಡು.

ಒಂದೊಂದು ಕುರಿಯ ಬೆನ್ನಿನ ಮೇಲೂ ಬೆರಳಾಡಿಸು. ಮೂಳೆ ಚುಚ್ಚುತ್ತದೆಯೇ? ಹೊಟ್ಟೆಗೆ ಸಾಲದ ಕುರಿ ತನ್ನ ಮೈಯನ್ನೇ ಕರಗಿಸಿ ಹಾಲಿಗೆ ಹಾಕುತ್ತದೆ. ಆಗಲೂ ಜಿಡ್ಡು ಹೀಗೇ ಏರುತ್ತದೆ, ಜನ ಹೊಗಳುತ್ತಾರೆ, ಆಮೇಲೆ ಕುರಿ ಸಾಯುತ್ತದೆ. ಕೆಚ್ಚಲು ಮುಟ್ಟಿ ನೋಡು, ಬಿಸಿ ಇದೆಯೇ, ಗಂಟಿದೆಯೇ. ಮಂದೆಯನ್ನು ದೂರದ ಇಳಿಜಾರಿಗೆ ಹೊಡೆಯುತ್ತಿದ್ದೀಯಾ? ನಡೆದಷ್ಟೂ ಹಾಲು ಕಮ್ಮಿ, ಉಳಿದದ್ದು ಗಟ್ಟಿ. ಒಣಹುಲ್ಲು ಇನ್ನೂ ಹಾಕುತ್ತಿದ್ದರೆ ಅದಕ್ಕೂ ಜಿಡ್ಡು ಏರುತ್ತದೆ. ಗಬ್ಬವಾದವು ಏನಾದರೂ ಇವೆಯೇ, ಹಾಲು ಬತ್ತಿಸುತ್ತಿರುವ ಮುದಿ ಕುರಿಗಳೆಷ್ಟು, ಅದನ್ನೂ ಬರೆ.

ಇಷ್ಟೂ ಅಲ್ಲವೆಂದಾದರೆ ಒಂದು ಕೆಲಸ ಉಳಿಯುತ್ತದೆ. ಸಂಜೆಯ ಹಾಲನ್ನೂ ಬೆಳಗಿನ ಹಾಲನ್ನೂ ಬೆರೆಸದೆ ಬೇರೆ ಬೇರೆ ಕ್ಯಾನಿನಲ್ಲಿ ಒಯ್ದು, ಬೇರೆ ಬೇರೆ ನಳಿಗೆಯಲ್ಲಿ ನೋಡಿಸು. ಏಕೆಂದು ಕೇಳಬೇಡ. ಅಂಕಿ ಮಾತ್ರ ಬರೆ.

ಅಲ್ಲಿಯವರೆಗೆ ಬಿಲ್ಲಿಯಾ ಮನೆಯಲ್ಲಿ ಮಲಗು. ಇದು ಸಲಹೆಯಲ್ಲ.

ಅಪ್ಪ

*

ಓರ್ತುಲೆ, ಏಪ್ರಿಲ್ 15

ಅಪ್ಪಾ,

ಬೆನ್ನು ತುಂಬಿಕೊಂಡಿವೆ, ಬೆರಳಿಗೆ ಮೂಳೆ ಸಿಗುವುದಿಲ್ಲ. ಕೆಚ್ಚಲು ತಣ್ಣಗೆ ಮೆತ್ತಗಿವೆ. ದೊಡ್ಡಿಯ ಕೆಳಗಿನ ಹುಲ್ಲುಗಾವಲು ಬಿಟ್ಟು ಎಲ್ಲಿಗೂ ಹೊಡೆಯುತ್ತಿಲ್ಲ. ಒಣಹುಲ್ಲು ಮುಗಿದು ತಿಂಗಳಾಯಿತು. ಗಬ್ಬವಾದದ್ದು ಒಂದೂ ಇಲ್ಲ, ಮುದಿಯವು ಎರಡೇ.

ಬೇರೆ ಬೇರೆ ನೋಡಿಸಿದೆ. ಸಂಜೆಯದು ಆರೂ ಕಾಲು. ಬೆಳಗಿನದು ಏಳು.

ಲಾರೆಂತು ಮಾವ ಈ ಸಲ ಕೂಗಲಿಲ್ಲ. ನನ್ನನ್ನು ಚೀಸು ಜೋಡಿಸಿಡುವ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. "ಸಂಜೆ ಹಾಲು ಯಾವಾಗ್ಲೂ ಬೆಳಗಿಂದಕ್ಕಿಂತ ದಪ್ಪ ಇರ್ಬೇಕು. ಬೆಳಗಿಂದ ಸಂಜೆಗೆ ಕರೆಯೋ ಅಂತರ ಚಿಕ್ಕದು, ಸಂಜೆಯಿಂದ ಬೆಳಗಿಗೆ ಉದ್ದ; ಅಂತರ ಉದ್ದ ಆದಷ್ಟೂ ಹಾಲು ತೆಳು. ಇಲ್ಲಿ ತಿರುಗುಮುರುಗಾಗಿದೆ" ಎಂದರು. ಆಮೇಲೆ ದನಿ ತಗ್ಗಿಸಿ, "ಕೆಚ್ಚಲಿಂದ ಮೊದಲು ಬರೋದು ನೀರು, ಕೊನೆಗೆ ಬರೋದು ಕೆನೆ. ಆ ಮೊದಲಿಂದನ್ನ ಯಾರೋ ನಿನಗಿಂತ ಮುಂಚೆ ಕರ್ಕೊಂಡು ಹೋಗ್ತಿದಾರೆ ಕಣಮ್ಮ. ದಿನಾ. ನಿನಗೆ ಉಳಿಯೋದು ಕೊನೇದು" ಎಂದರು.

ಬೆಳಕು ಹರಿಯುವ ಮುಂಚೆ ಯಾರೋ ಒಬ್ಬ, ನಾನು ಮಲಗಿರುವ ಕಲ್ಲುಗುಡಿಸಲಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಕೂತು, ಒಂದೊಂದೇ ಕುರಿಯನ್ನು ಹಿಡಿದು ಹಾಲು ಕರೆಯುತ್ತಾನೆ. ನನ್ನ ನಾಯಿಗೂ ಕುಡಿಸುತ್ತಾನೆ. ಇಡೀ ತಿಂಗಳಿಂದ! ನಾನು ಬಾಗಿಲಿಗೆ ಒಂದು ಮರದ ತುಂಡು ಅಡ್ಡ ಕೊಟ್ಟು ನಿದ್ದೆ ಮಾಡುತ್ತಿದ್ದೆ.

ಅತ್ತೆ ಮನೆಗೆ ಹೋಗಿ ಮಲಗಿದರೆ ಅವನು ಇಡೀ ಮಂದೆಯನ್ನೇ ಹೊಡೆದುಕೊಂಡು ಹೋದರೆ? ಠಾಣೆಗೆ ಹೋದರೆ, ಅಪ್ಪ ಕುರಿಗಳ್ಳ, ಮಗಳಿಗೆ ಹಾಲುಗಳ್ಳನ ಕಾಟ ಎಂದು ನಗುತ್ತಾರೆ. ಇದು ಸೆದ್ದಾ ಮನೆಯವರದೇ ಕೆಲಸ ಅಪ್ಪಾ. ಅವರಿಗೆ ಅವಸರವಿಲ್ಲ ಎಂದಿದ್ದರಲ್ಲ.

ನನಗೆ ತುಂಬಾ ಭಯವಾಗುತ್ತಿದೆ. ಇದನ್ನು ಯಾರು ಓದಿದರೂ ಓದಲಿ.

ಮಲ್ಲೇನಾ

*

ಓರ್ತುಲೆ, ಏಪ್ರಿಲ್ 18

ಅಪ್ಪಾ,

ನಿಮ್ಮ ಉತ್ತರ ಕಾಯಲು ಆಗುತ್ತಿಲ್ಲ. ಮೂರು ದಿನದಿಂದ ಊಟದ ಮುಖ ನೋಡಿಲ್ಲ, ಬರೀ ಹುರಿದ ಜವೆಗೋಧಿಯ ಕಾಫಿ. ಬೆಳಗ್ಗೆ ಹೊರಗೆ ಬಂದರೆ ಕುರಿಗಳು ಬೆಚ್ಚಗೆ ಮೆಲುಕು ಹಾಕುತ್ತ ನಿಂತಿರುತ್ತವೆ. ಏನೂ ಆಗಿಲ್ಲವೆಂಬಂತೆ ನನ್ನನ್ನು ನೋಡುತ್ತವೆ. ಅವುಗಳ ಮೇಲೂ ಸಿಟ್ಟು ಬರುತ್ತದೆ.

ಇವತ್ತು ಅತ್ತೆಯ ಮನೆಗೆ ಹೋಗಿ ಅವಳ ಗಂಡನ ಜೋಡಿನಳಿಗೆ ಬಂದೂಕು ತಂದೆ. ನರಿ ಕಾಟ ಎಂದೆ. ಅತ್ತೆ ನನ್ನ ಮುಖ ನೋಡಿ, "ಎರಡು ಕಾಲಿನ ನರೀನಾ?" ಎಂದಳು. ಆಮೇಲೆ ತಾನೇ ಬಂದೂಕಿನ ತೋಟಾ ಎಣಿಸಿ ಕೊಟ್ಟಳು.

ಈಸ್ಟರ್ ಮುಗಿಯಲಿ. ಹಬ್ಬದ ದಿನ ರಕ್ತ ಬೇಡ. ಆಮೇಲಿನ ಬುಧವಾರ ಬೆಳಗಿನ ಜಾವ ಗೋಡೆಯ ಹಿಂದೆ ಕೂರುತ್ತೇನೆ. ಅವನು ಬಂದರೆ ಹೊಡೆಯುತ್ತೇನೆ. ಅವನು ನನ್ನನ್ನು ಮುಟ್ಟುವವರೆಗೆ ಕಾಯುವುದಿಲ್ಲ.

ಮಲ್ಲೇನಾ

*

ಜೈಲು, ಏಪ್ರಿಲ್ 21

ಮಲ್ಲೇನಾ, ನನ್ನ ತಾಯಿ,

ನಿನ್ನ ಎರಡು ಕಾಗದಗಳೂ ಇವತ್ತು ಒಟ್ಟಿಗೆ ಕೈಗೆ ಬಂದವು. ಬಂದೂಕನ್ನು ವಾಪಸ್ಸು ಕೊಡು. ಈ ಗಳಿಗೆಯೇ ಕೊಡು. ಮುಂದಿನದನ್ನು ಆಮೇಲೆ ಓದು.

ಕೊಟ್ಟೆಯಾ? ಈಗ ಕೇಳು. ಕುರಿ ಗೊತ್ತಿಲ್ಲದವರ ಕೈಗೆ ಸೊರೆ ಬಿಡುವುದಿಲ್ಲ, ಹಾಲು ಇಳಿಸುವುದಿಲ್ಲ. ನಮ್ಮ ಮುರ್ರು ಹೊರಗಿನವನನ್ನು ಕಂಡರೆ ಗಂಟಲು ಹರಿಯುವ ಹಾಗೆ ಬೊಗಳುತ್ತದೆ. ಸೆದ್ದಾ ಹುಡುಗರು ಬಂದು ದಿನಾ ಹಾಲು ಕರೆಯುತ್ತಿದ್ದರೆ ಊರೇ ಎದ್ದಿರುತ್ತಿತ್ತು. ಇನ್ನೊಂದು ಮಾತು. ಹಸಿದ ಕಳ್ಳ ಎರಡೋ ಮೂರೋ ಕುರಿಗಳನ್ನು ಪೂರ್ತಿ ಕರೆದು ಖಾಲಿ ಮಾಡುತ್ತಾನೆ, ಬೆಳಗ್ಗೆ ಜೋತುಬಿದ್ದ ಕೆಚ್ಚಲು ನಿನ್ನ ಕಣ್ಣಿಗೆ ಬೀಳುತ್ತದೆ. ಇವನು ಹಾಗೆ ಮಾಡಿಲ್ಲ. ಎಲ್ಲ ಕುರಿಗಳಿಂದಲೂ ನಾಲ್ಕೈದು ಹಿಂಡು ಮಾತ್ರ ತೆಗೆದುಕೊಂಡಿದ್ದಾನೆ, ಯಾವ ಕೆಚ್ಚಲೂ ಬರಿದಾಗದಂತೆ. ಅದಕ್ಕೇ ನಿನಗೆ ತಿಳಿಯಲಿಲ್ಲ, ಅದಕ್ಕೇ ಜಿಡ್ಡು ಏರಿತು. ಪರರ ಕುರಿ ಕಾಯುವಾಗ ಯಜಮಾನನಿಗೆ ಗೊತ್ತಾಗದಂತೆ ಹೊಟ್ಟೆ ತುಂಬಿಸಿಕೊಳ್ಳುವ ಉಪಾಯ ಅದು. ಅದನ್ನು ನಾನು ಇಬ್ಬರಿಗೆ ಹೇಳಿಕೊಟ್ಟಿದ್ದೇನೆ. ಒಬ್ಬಳು ನೀನು.

ಅವನು ಹಡಗು ಹತ್ತಲೇ ಇಲ್ಲವೆಂದು ನನಗೂ ಈಗ ತಿಳಿಯಿತು ಮಲ್ಲೇನಾ. ನಾನು ಅವನನ್ನು ಬಂದರಿಗೆ ಕಳಿಸಿ, ಬೆಲ್ಜಿಯಮ್ಮಿಗೆ ಹೋದ ಎಂದು ನಿನಗೂ ಊರಿಗೂ ಹೇಳಿ, ಆ ನಲವತ್ತು ಕುರಿಗಳನ್ನು ನಾನೇ ಕದ್ದೆನೆಂದು ನ್ಯಾಯಾಧೀಶರ ಮುಂದೆ ಒಪ್ಪಿಕೊಂಡೆ. ಕದ್ದವನು ಅವನು, ಇನ್ನೊಬ್ಬ ಯಾರೋ ಸ್ನೇಹಿತನ ಜೊತೆ. ಸೆದ್ದಾಗಳ ಕೈಗೆ ಸಿಕ್ಕರೆ ಉಳಿಯುವುದಿಲ್ಲ ಎಂದು ಹಾಗೆ ಮಾಡಿದೆ. ಇದನ್ನು ಎಫಿಸ್ ಓದುತ್ತಾನೆ, ಅವನ ಮೇಲಿನವರು ಓದುತ್ತಾರೆ, ಓದಲಿ. ಹುಡುಗ ಸಿಕ್ಕಿಬಿದ್ದರೆ ಬೀಳಲಿ. ನಿನ್ನ ಕೈಯಲ್ಲಿ ಸಾಯುವುದು ಬೇಡ.

ಹೊಡೆಯಬೇಡ. ಅವನು ನಿನ್ನ ಅಣ್ಣ.

ಅಪ್ಪ

*

ಓರ್ತುಲೆ, ಏಪ್ರಿಲ್ 28

ಅಪ್ಪಾ,

ನಿಮ್ಮ ಕಾಗದ ಬುಧವಾರ ಮಧ್ಯಾಹ್ನ ಬಂತು. ನಾನು ಹೊಡೆದದ್ದು ಅದೇ ಬುಧವಾರ ಬೆಳಗ್ಗೆ.

ಅಣ್ಣ ಬದುಕಿದ್ದಾನೆ. ಇದನ್ನು ಮೊದಲೇ ಬರೆಯಬೇಕಿತ್ತು.

ಕತ್ತಲಿರುವಾಗಲೇ ಗೋಡೆಯ ಹಿಂದೆ ಕೂತೆ. ಮೂಡಣ ಬೆಳ್ಳಗಾಗುವ ಹೊತ್ತಿಗೆ ಮುರ್ರು ಎದ್ದು, ಬಾಲ ಅಲ್ಲಾಡಿಸಿಕೊಂಡು ಕೆಳಗಿನ ದಾರಿಗೆ ಹೋಯಿತು. ಅದರ ಹಿಂದೆಯೇ ಒಬ್ಬ ಗಂಡಸು ಬಂದ. ಗಡ್ಡ ಎದೆಯವರೆಗೆ ಇತ್ತು, ಮೈಮೇಲೆ ಕುರಿಚರ್ಮ. ತನ್ನದೇ ದೊಡ್ಡಿ ಎಂಬಂತೆ ಗೇಟಿನ ಹಗ್ಗ ಬಿಚ್ಚಿದ. ಕುರಿಯ ಹಿಂದೆ ಕುಕ್ಕುರುಗಾಲಲ್ಲಿ ಕೂತು ಕರೆಯತೊಡಗಿದ. ನಾನು ಗೋಡೆಯ ಮೇಲೆ ಬಂದೂಕು ಊರಿದೆ. ಕುರಿ ಮಿಸುಕಿತು. ಅವನು ಅದಕ್ಕೆ ಏನೋ ಹೇಳಿದ. ಗುಂಡು ಹಾರಿತು.

ತೋಟಾದ ಚರೆ ತೊಡೆಗೆ ಬಿದ್ದಿತ್ತು. "ಮಲ್ಲೇ, ನಾನು ಕಣೇ, ನಾನು" ಎಂದು ಅವನು ಕೂಗಿದ. ಓಡಿಹೋಗಿ ನೋಡಿದರೆ ಅಣ್ಣನ ಕಣ್ಣು, ಉಳಿದದ್ದೆಲ್ಲ ಮೂಳೆ. ನನ್ನ ಸೊಂಟದ ಬಟ್ಟೆ ಹರಿದು ಗಾಯಕ್ಕೆ ಬಿಗಿದೆ. ರಕ್ತ ನಿಲ್ಲಲಿಲ್ಲ. ಬಂದರಿನಲ್ಲಿ ಕಾಗದಪತ್ರ ಕೇಳಿದಾಗ ಹೆದರಿ ಓಡಿ ಬಂದನಂತೆ. ಎರಡು ವರ್ಷ ಆಚೆ ಕಣಿವೆಯಲ್ಲಿ ಒಬ್ಬ ಮುದುಕ ಅವನನ್ನು ಇಟ್ಟುಕೊಂಡಿದ್ದನಂತೆ. ಮುದುಕ ಫೆಬ್ರವರಿಯಲ್ಲಿ ಸತ್ತ. ಆಮೇಲೆ ಇವನು ನಮ್ಮ ಗುಡ್ಡದ ಗವಿಗೆ ಬಂದ. "ನಿನ್ನ ಕಣ್ಣಿಗೆ ಬಿದ್ರೆ ನೀನೂ ಸುಳ್ಳು ಹೇಳ್ಬೇಕಾಗುತ್ತೆ ಅಂತ ಮರೆಯಾಗೇ ಇದ್ದೆ ಕಣೇ. ಡಾಕ್ಟ್ರನ್ನ ಕರೀಬೇಡ. ಡಾಕ್ಟ್ರು ಬಂದ್ರೆ ಪೊಲೀಸ್ರು ಬರ್ತಾರೆ" ಎಂದು ನನ್ನ ಕೈ ಹಿಡಿದುಕೊಂಡ.

ಮಧ್ಯಾಹ್ನದವರೆಗೆ ಅವನ ಮಾತು ಕೇಳಿದೆ. ಆಗ ನಿಮ್ಮ ಕಾಗದ ಬಂತು. ಏನು ಮಾಡಬೇಕೆಂದು ನೀವು ಹೇಳಿರುತ್ತೀರೆಂದು ರಕ್ತದ ಕೈಯಲ್ಲೇ ಒಡೆದೆ. ಹೊಡೆಯಬೇಡ ಎಂದಿತ್ತು. ಹೊಡೆದ ಮೇಲೆ ಏನು ಮಾಡಬೇಕೆಂದು ಇರಲಿಲ್ಲ. ಅವನ ತುಟಿ ನೀಲಿಯಾಗುತ್ತಿತ್ತು. ನಾನು ಡಾಕ್ಟರನ್ನು ಕರೆತರಲು ಓಡಿದೆ.

ಸಂಜೆಗೆ ಪೊಲೀಸರು ಅವನನ್ನು ಎತ್ತಿಕೊಂಡು ಹೋದರು. ಹೋಗುವಾಗ ಎಲ್ಲ ಒಪ್ಪಿಕೊಂಡ. ನನ್ನನ್ನೂ ಅರ್ಧ ದಿನ ಕೂರಿಸಿ ಕೇಳಿದರು, ಕಳ್ಳನೆಂದು ಹೊಡೆದದ್ದು ಎಂದು ಬರೆದುಕೊಂಡು ಬಿಟ್ಟರು. ಬಿಲ್ಲಿಯಾ ಅತ್ತೆ ನನಗೆ ಬಾಗಿಲು ತೆಗೆಯಲಿಲ್ಲ. ಒಳಗಿನಿಂದಲೇ, "ಒಡಹುಟ್ಟಿದವನನ್ನ ಪೊಲೀಸ್ರಿಗೆ ಕೊಟ್ಟೋಳಿಗೆ ಈ ಮನೇಲಿ ನೀರೂ ಇಲ್ಲ" ಎಂದಳು. ಡೇರಿಯ ಸಾಲಿನಲ್ಲಿ ಮತ್ತೆ ಎಲ್ಲರೂ ಸುಮ್ಮನಾದರು.

ನಿಮ್ಮ ಎರಡು ವರ್ಷಗಳನ್ನು ನಾನು ಒಂದು ಮಧ್ಯಾಹ್ನದಲ್ಲಿ ಹಾಳು ಮಾಡಿದೆ. ನೀವು ನನ್ನನ್ನು ಏನೆನ್ನುತ್ತೀರೋ ಎಂದು ಭಯವಾಗುತ್ತಿದೆ. ಬೈಯುವುದಾದರೂ ಬೇಗ ಬರೆಯಿರಿ.

ಮಲ್ಲೇನಾ

*

ಜೈಲು, ಮೇ 6

ಮಲ್ಲೇನಾ,

ಬೈಯಲು ಏನಿದೆ? ಅವನು ಇಲ್ಲಿಯ ಆಸ್ಪತ್ರೆ ಕೋಣೆಯಲ್ಲಿದ್ದಾನೆ. ಎಫಿಸ್ ನಿನ್ನೆ ನನ್ನನ್ನು ಕಾಲು ಗಂಟೆ ಒಳಗೆ ಬಿಟ್ಟ. ಹೊದಿಕೆಯೊಳಗೆ ಕೈ ಹಾಕಿ ಅವನ ಪಾದ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಇನ್ನೊಂದು ರಾತ್ರಿ ಗುಡ್ಡದ ಮೇಲಿದ್ದಿದ್ದರೆ ತಣ್ಣಗಾಗುತ್ತಿತ್ತು ಎಂದು ಡಾಕ್ಟರು ಹೇಳಿದರು.

ನನ್ನ ಕಾಗದ ತಡವಾದದ್ದು ಹೇಗೆಂದು ಎಫಿಸನೇ ಬಂದು ಹೇಳಿದ. ಓದಿದ ಕೂಡಲೇ ಮೇಲಿನವರಿಗೆ ಕೊಡಬೇಕಿತ್ತು. ಕೊಡಲು ಮನಸ್ಸಾಗದೆ, ಅಂಚೆಗೆ ಹಾಕಲು ಧೈರ್ಯವಾಗದೆ, ಎರಡು ದಿನ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದನಂತೆ. "ಹಾಲಿನ ಲೆಕ್ಕ ಓದ್ತಿದ್ದ ಹಾಗೆ ನನಗೂ ಹೊಳೆದಿತ್ತು ಬಾಕಿಸಣ್ಣ. ಹೆದರಿಕೊಂಡೆ" ಎಂದು ಅತ್ತ. ಅವನ ಮೇಲೆ ಸಿಟ್ಟು ಮಾಡಲು ನನಗೆ ಮುಖವಿಲ್ಲ. ನಾನೂ ಹೆದರಿಯೇ ಸುಳ್ಳು ಹೇಳಿದವನು. ಮಗನನ್ನು ಉಳಿಸಿದೆನೆಂದು ಇಲ್ಲಿ ನೆಮ್ಮದಿಯಾಗಿ ಕೂತಿದ್ದೆ. ಅವನು ಗವಿಯಲ್ಲಿ ಕೊರಗುತ್ತಿದ್ದ, ನೀನು ಅವನಿಗೇ ಹೆದರಿ ನಡುಗುತ್ತಿದ್ದೆ. ನೀನು ಡಾಕ್ಟರನ್ನು ಕರೆದದ್ದೇ ಈ ಮನೆಯಲ್ಲಿ ಯಾರಾದರೂ ಮಾಡಿದ ಮೊದಲ ನೆಟ್ಟಗಿನ ಕೆಲಸ.

ಸುಳ್ಳು ಹೇಳಿದ್ದಕ್ಕೆ ನನಗೆ ಬೇರೆ ಶಿಕ್ಷೆ ಇದೆಯಂತೆ. ಆದರೆ ಕಳೆದ ದಿನಗಳನ್ನು ಅದಕ್ಕೇ ಹಿಡಿದುಕೊಂಡು ಬೇಸಿಗೆ ಮುಗಿಯುವುದರೊಳಗೆ ಬಿಡಬಹುದು ಎನ್ನುತ್ತಾರೆ ವಕೀಲರು. ಬಂದ ದಿನ ನಿನ್ನ ಕೈ ಹಿಡಿದುಕೊಂಡು ಹಾಡುಹಗಲಲ್ಲಿ ಚೌಕದ ನಡುವೆ ನಡೆಯುತ್ತೇನೆ. ಬಾಗಿಲು ಹಾಕಿಕೊಳ್ಳುವವರು ಹಾಕಿಕೊಳ್ಳಲಿ.

ತಾನಿಯೆಲೆ ಒಂದೇ ಮಾತು ಕೇಳಿದ. "ಮಲ್ಲೇಗೆ ಈಗ್ಲೂ ನನ್ನ ಕಂಡ್ರೆ ಭಯಾನಾ?" ನೀನೇ ಅವನಿಗೆ ಬರೆ.

ನಿನ್ನ ಅಪ್ಪ

*

ಓರ್ತುಲೆ, ಮೇ 13

ಅಣ್ಣಾ,

ಭಯ ನಿನ್ನದಲ್ಲ. ಯಾರದೆಂದು ಹೇಳುತ್ತೇನೆ. ಬೇರೆಯವರು ಮೊದಲು ಓದುತ್ತಾರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಕತ್ತಲಲ್ಲಿ ಗುರುತು ಸಿಗದೆ ಹೊಡೆದೆ ಎಂದು ಪೊಲೀಸರಿಗೆ ಹೇಳಿದೆ. ಅಪ್ಪನಿಗೆ ಸುಳ್ಳು ಬರೆಯಲಿಲ್ಲ, ಆದರೆ ಒಂದು ಮಾತು ಬಿಟ್ಟೆ. ಕುರಿ ಮಿಸುಕಿದಾಗ ನೀನು ಅದಕ್ಕೆ, "ನಿಲ್ಲೇ, ನಿಲ್ಲೇ ನನ್ನವ್ವ" ಎಂದೆ. ನಾನು ಚಿಕ್ಕವಳಿದ್ದಾಗ ನನ್ನ ತಲೆ ಬಾಚುತ್ತ ನೀನು ಅನ್ನುತ್ತಿದ್ದದ್ದೂ ಅದೇ. ನಿನ್ನ ದನಿ ಮೊದಲು ಕೇಳಿತು ಅಣ್ಣಾ. ಗುಂಡು ಹಾರಿದ್ದು ಆಮೇಲೆ.

ಆ ಗಳಿಗೆಯಲ್ಲಿ ನನಗೆ ಸಂತೋಷವಾಗಲಿಲ್ಲ. ಬೆಲ್ಜಿಯಮ್ಮಿನಲ್ಲಿದ್ದಾನೆಂದು ನಾನು ಪ್ರತಿ ಭಾನುವಾರ ಯಾರಿಗಾಗಿ ಮೇಣದಬತ್ತಿ ಹಚ್ಚಿದೆನೋ ಅವನು ಇಲ್ಲಿ ಕೂತಿದ್ದಾನೆ. ಇಷ್ಟು ದಿನ ನಾನು ಅನ್ನ ನೀರು ಬಿಟ್ಟು ನಡುಗಿದ್ದು ಇವನಿಗೆ. ಬಾಗಿಲು ತಟ್ಟಿ ಒಂದು ಮಾತು ಹೇಳಲು ಇವನಿಗೆ ಆಗಲಿಲ್ಲ. ಮೈಯೆಲ್ಲ ಉರಿದುಹೋಯಿತು. ಗುರುತು ಸಿಕ್ಕ ಮೇಲೆ ನಾನು ಬಂದೂಕಿನ ಕುದುರೆ ಎಳೆದೆ.

ಈಗ ನನಗೆ ನನ್ನದೇ ಭಯ. ಹಾಲು ಕರೆಯುವಾಗ ಈ ಬೆರಳನ್ನು ನೋಡುತ್ತೇನೆ. ನಿದ್ದೆ ಬರುವುದಿಲ್ಲ. ಅಪ್ಪ ಬಂದು ಇದೇ ಕೈ ಹಿಡಿದು ಚೌಕದಲ್ಲಿ ನಡೆಯುತ್ತೇನೆ ಎನ್ನುತ್ತಾರೆ. ಅವರಿಗೆ ಹೇಳಬೇಕೋ ಬೇಡವೋ ನೀನೇ ಹೇಳು.

ಮಲ್ಲೇ

*

ಜೈಲು, ಮೇ 20

ಮಲ್ಲೇ,

ನನ್ನ ಅಕ್ಷರ ನೋಡಿ ನಗಬೇಡ, ಎರಡು ವರ್ಷದಿಂದ ಬರೆದಿಲ್ಲ.

ನೀನು ಕಾಗದದಲ್ಲಿ ಬರೆದದ್ದು ನನಗೆ ಗೊತ್ತಿತ್ತು. ಕುರಿಗೆ ನಿಲ್ಲೇ ಎಂದ ಕೂಡಲೇ ಗೋಡೆಯ ಕಡೆ ಏನೋ ಸದ್ದಾಯಿತು. ತಲೆ ಎತ್ತಿ ನೋಡಿದೆ. ಬಂದೂಕು ಕಂಡಿತು, ಹಿಂದೆ ನಿನ್ನ ಮುಖ ಕಂಡಿತು. ನನ್ನನ್ನು ಗುರುತು ಹಿಡಿದ ಮುಖ ಅದು, ನನಗೆ ತಿಳಿಯದೇ? ಚಿಕ್ಕವಳಿದ್ದಾಗ ನಿನ್ನ ಬೊಂಬೆ ಮುರಿದೆನಲ್ಲ, ಆಗ ನೋಡಿದ ಹಾಗೇ ನೋಡುತ್ತಿದ್ದೆ.

ಆದರೆ ನಿನಗೆ ಕಾಣದ್ದು ನನಗೆ ಕಂಡಿತು. ನಳಿಗೆ ನೆಟ್ಟಗೆ ನನ್ನ ಎದೆಗಿತ್ತು. ಅದು ಕೆಳಗೆ ಬಂತು. ಆಮೇಲೆ ಸಿಡಿಯಿತು. ನಡುವೆ ಉಸಿರೆಳೆಯುವಷ್ಟು ಹೊತ್ತೂ ಇರಲಿಲ್ಲ, ನಿನಗೆ ನೆನಪಿಲ್ಲದಿದ್ದರೆ ಆಶ್ಚರ್ಯವಿಲ್ಲ. ನಾನು ಮಾತ್ರ ಅದು ಇಳಿಯುವುದನ್ನೇ ನೋಡುತ್ತಿದ್ದೆ, ಬೇರೇನೂ ನೋಡಲು ಆಗುತ್ತಿರಲಿಲ್ಲ. ಸಿಟ್ಟಿನಲ್ಲಿ ಹೊಡೆದದ್ದೂ ನೀನೇ, ನಳಿಗೆ ಇಳಿಸಿದ್ದೂ ನೀನೇ.

ಅಪ್ಪನಿಗೆ ಎರಡನ್ನೂ ಹೇಳು. ಒಂದನ್ನೇ ಹೇಳಬೇಡ.

ಇವತ್ತು ಮಲಗಿ ನಿದ್ದೆ ಮಾಡು.

ನಿನ್ನ ಅಣ್ಣ
ತಾನಿಯೆಲೆ